ಬಂಗಾಳದ ದೇಗುಲಗಳನ್ನು ಗುರುತಿಸುವ ಬಗೆ: ಕಲಬುರಗಿ, ಬೀದರ್ ಕಡೆಯವರಿಗೆ ಒಂದು ಕೈಪಿಡಿ

ಗುಡಿಯನ್ನು ನೋಡುವುದಕ್ಕೆ ನಮ್ಮ ಕಡೆಯವರಿಗೆ ರೂಢಿಯಾದ ಒಂದು ಕ್ರಮವಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗಾಗಲಿ, ಬಸವಕಲ್ಯಾಣದ ಪಕ್ಕದ ನಾರಾಯಣಪುರಕ್ಕಾಗಲಿ ಹೋದವರ ಕಣ್ಣು ಮೊದಲು ಹೊರಗೋಡೆಯ ಶಿಲಾಬಾಲಿಕೆಯರ ಮೇಲೆ, ಆಮೇಲೆ ಕಡೆದ ಕಂಬಗಳ ಮೇಲೆ, ಕೊನೆಗೆ ಗರ್ಭಗುಡಿಯ ಬಾಗಿಲುವಾಡದ ಮೇಲೆ ನಿಲ್ಲುತ್ತದೆ. ಶಿಖರವೇನಾದರೂ ಉಳಿದಿದ್ದರೆ ಅದನ್ನು ಹೊರಡುವಾಗ ಒಮ್ಮೆ ತಲೆಯೆತ್ತಿ ನೋಡುತ್ತೇವೆ. ಕಲ್ಯಾಣ ಚಾಲುಕ್ಯರ ಗುಡಿಗಳಿಗೆ ಈ ಕ್ರಮ ತಕ್ಕದ್ದೇ. ಆದರೆ ಇದೇ ಕ್ರಮವನ್ನು ಹಿಡಿದು ಬಂಗಾಳದ ಬಿಷ್ಣುಪುರಕ್ಕೋ ಕಾಲ್ನಾಕ್ಕೋ ಹೋದರೆ, ಗೋಡೆಯ ಮಣ್ಣಿನ ಚಿತ್ರಗಳಲ್ಲಿ ಮುಳುಗಿ, ಎಲ್ಲ ಗುಡಿಗಳೂ ಒಂದೇ ಬಗೆಯವೆಂದುಕೊಂಡು ಮರಳುವ ಸಂಭವವೇ ಹೆಚ್ಚು. ಅಲ್ಲಿ ಶೈಲಿಯನ್ನು ನಿರ್ಣಯಿಸುವುದು ಗೋಡೆಯಲ್ಲ, ಚಾವಣಿ. ಆದ್ದರಿಂದ ಅಲ್ಲಿ ಮೇಲಿನಿಂದ ಕೆಳಕ್ಕೆ ನೋಡಬೇಕು; ಈ ಬರಹದ ಕ್ರಮವೂ ಅದೇ.

ಹೊರಡುವ ಮುನ್ನ

ಬಂಗಾಳದ ಗುಡಿ ಹೀಗೇಕಿದೆ ಎಂಬುದನ್ನು ಊರಿನಲ್ಲಿಯೇ ಅರ್ಧದಷ್ಟು ತಿಳಿದುಕೊಳ್ಳಬಹುದು. ನಮ್ಮ ನೆಲದಲ್ಲಿ ಕಲ್ಲಿಗೆ ಬರವಿಲ್ಲ. ಶಹಾಬಾದಿನ ಹಾಸುಗಲ್ಲು ಮನೆಯ ನೆಲಕ್ಕೂ ಬಂದಿತು, ಮಾಳಿಗೆಗೂ ಬಂದಿತು. ಮಳೆ ಕಡಿಮೆಯಾದ್ದರಿಂದ ಮೇಲೆ ಮಣ್ಣು ಬಡಿದು ಸಮತಟ್ಟಾಗಿ ಬಿಟ್ಟರೂ ಮನೆ ನಿಂತಿತು. ಗಂಗಾ ನದಿಯ ಬಯಲಿನಲ್ಲಿ ಇದರ ತಿರುವುಮುರುವು. ಅಲ್ಲಿ ಅಗೆದಷ್ಟೂ ಮೆಕ್ಕಲು ಮಣ್ಣು, ಕಟ್ಟಲು ಕಲ್ಲಿಲ್ಲ, ಮಳೆ ನಮ್ಮದರ ಹೆಚ್ಚುಕಡಿಮೆ ಎರಡರಷ್ಟು. ಹೀಗಾಗಿ ಅಲ್ಲಿನ ಹಳ್ಳಿಯ ಮನೆಗೆ ಬಿದಿರಿನ ಹಂದರ ಹಾಕಿ, ಹುಲ್ಲು ಹೊದಿಸಿದರು. ಉದ್ದನೆಯ ಬಿದಿರನ್ನು ಬಾಗಿಸಿ ಕಟ್ಟಿದಾಗ ಚಾವಣಿಯ ನೆತ್ತಿಯೂ ಸೂರಿನ ಅಂಚೂ ನಡುವೆ ಉಬ್ಬಿ, ಎರಡು ತುದಿಗಳಲ್ಲಿ ಇಳಿಬೀಳುತ್ತವೆ. ನಮ್ಮ ಹೊಲದಲ್ಲಿ ಜೋಳದ ಕಣಿಕೆಯ ಬಣವೆಯನ್ನು ಮಳೆನೀರು ನಿಲ್ಲದಂತೆ ನೆತ್ತಿ ಉಬ್ಬಿಸಿ ಒಟ್ಟುವುದನ್ನು ಕಂಡವರಿಗೆ ಇದರ ಹದ ಕೂಡಲೇ ಹೊಳೆಯುತ್ತದೆ. ಈ ಹುಲ್ಲುಮನೆಯನ್ನೇ ಇಟ್ಟಿಗೆಯಲ್ಲಿ ಎರಕಹೊಯ್ದಂತೆ ಕಟ್ಟಿದ್ದು ಬಂಗಾಳದ ಗುಡಿ.

ಇಟ್ಟಿಗೆಯಲ್ಲಿ ಬಾಗಿದ ಸೂರನ್ನು ಕಟ್ಟುವ ಕಸುಬು ಬೆಳೆದದ್ದು ಬಂಗಾಳದ ಸುಲ್ತಾನರ ಕಾಲದಲ್ಲಿ. 15ನೇ ಶತಮಾನದ ಆರಂಭದಲ್ಲಿ ಪಾಂಡುವಾದಲ್ಲಿ ಕಟ್ಟಿದ ಏಕಲಾಖಿ ಗೋರಿಯ ಸೂರು ಆಗಲೇ ಬಿಲ್ಲಿನಂತೆ ಬಾಗಿದೆ. ಕಲಬುರಗಿಯಲ್ಲಿ 1347ರಲ್ಲಿ ಬಹಮನಿ ರಾಜ್ಯ ದೆಹಲಿಯಿಂದ ಬೇರೆಯಾದ ಹೊತ್ತಿಗೇ ಬಂಗಾಳವೂ ದೆಹಲಿಯ ಕೈತಪ್ಪಿ ಸ್ವತಂತ್ರವಾಗಿತ್ತು ಎಂಬುದನ್ನು ನೆನೆದರೆ, ಎರಡೂ ಕಡೆ ಗಾರೆ ಕೆಲಸದವರು ಕಮಾನು ಮತ್ತು ಗುಮ್ಮಟದ ವಿದ್ಯೆಯನ್ನು ತಮ್ಮ ನೆಲದ ಸಾಮಗ್ರಿಗೆ ಒಗ್ಗಿಸಿಕೊಳ್ಳುತ್ತಿದ್ದದ್ದು ಒಂದೇ ಕಾಲದಲ್ಲಿ ಎಂದು ತಿಳಿಯುತ್ತದೆ. ಮುಂದೆ ಚೈತನ್ಯರ (1486–1533) ಕೃಷ್ಣಭಕ್ತಿಯ ಅಲೆ ಎದ್ದು, ಸ್ಥಳೀಯ ದೊರೆಗಳೂ ಜಮೀನ್ದಾರರೂ ವರ್ತಕರೂ ರಾಧಾಕೃಷ್ಣರಿಗೆ, ಶಿವನಿಗೆ, ಕಾಳಿಗೆ ಗುಡಿ ಕಟ್ಟಿಸತೊಡಗಿದಾಗ ಇದೇ ಕಸುಬು ಅವರ ಕೈಗೆ ಸಿಕ್ಕಿತು. ಆದಕಾರಣ ಬಂಗಾಳದ ಬಹುಪಾಲು ಗುಡಿಗಳು ಹೊರಗಿನಿಂದ ಗುಡಿಸಲು, ಒಳಗಿನಿಂದ ಗುಮ್ಮಟ.

ಈ ಒಳಗಿನ ಮಾತನ್ನು ಅರಿಯಲು ಕಲಬುರಗಿಯವರು ದೂರ ಹೋಗಬೇಕಾಗಿಲ್ಲ. ಹಫ್ತ್ ಗುಂಬಜಿನಲ್ಲಿ ಫಿರೋಜ್ ಶಹಾನ ಗೋರಿಯೊಳಗೆ ನಿಂತು ಮೂಲೆಗಳನ್ನು ನೋಡಿರಿ. ಚೌಕದ ಕೋಣೆಯ ಮೂಲೆಗಳಿಗೆ ಅಡ್ಡಲಾಗಿ ಕಮಾನು ಕಟ್ಟಿ, ಚೌಕವನ್ನು ಎಂಟು ಮೂಲೆಯಾಗಿಸಿ, ಅದರ ಮೇಲೆ ಗುಮ್ಮಟವನ್ನು ಕೂರಿಸಿದ ಬಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಂಗಾಳದ ಗರ್ಭಗುಡಿಯ ಚಿಕ್ಕ ಚೌಕದ ಮೇಲೆಯೂ ಇದೇ ಲೆಕ್ಕ ನಡೆಯುತ್ತದೆ. ಅಳತೆ ಚಿಕ್ಕದು, ಬೆಳಕು ಕಡಿಮೆ, ಆದ್ದರಿಂದ ಮೊದಲೇ ನೋಡಿಕೊಂಡಿರದಿದ್ದರೆ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬೀದರಿನವರು ತಮ್ಮ ಕೋಟೆಯ ಕೆಂಪು ಜಂಬಿಟ್ಟಿಗೆ ಕಲ್ಲನ್ನೂ ಅದರ ಮೇಲಿನ ಗಾರೆಗಚ್ಚನ್ನೂ ಒಮ್ಮೆ ಹತ್ತಿರದಿಂದ ನೋಡಿಕೊಳ್ಳುವುದು ಒಳ್ಳೆಯದು. ಬಿಷ್ಣುಪುರದ ಅರ್ಧದಷ್ಟು ಗುಡಿಗಳು ಇದೇ ಜಾತಿಯ ಕಲ್ಲಿನವು, ಮತ್ತು ಅಲ್ಲಿಯೂ ಈ ತೂತುತೂತಾದ ಕಲ್ಲಿನಲ್ಲಿ ನಯವಾದ ಕೆತ್ತನೆ ನಿಲ್ಲದೆಂದು ಗಚ್ಚಿನಲ್ಲಿಯೇ ಅಲಂಕಾರ ಮಾಡಿದ್ದಾರೆ.

ಚಾವಣಿಯ ಅಂಚಿನಿಂದ ಆರಂಭಿಸಿರಿ

ಗುಡಿಯ ಎದುರಿಗೆ, ಅದರ ಎತ್ತರದ ಎರಡರಷ್ಟು ದೂರದಲ್ಲಿ ನಿಲ್ಲಿರಿ. ಹತ್ತಿರ ಹೋಗುವ ಆಸೆಯನ್ನು ಸ್ವಲ್ಪ ತಡೆಹಿಡಿಯಬೇಕು, ಏಕೆಂದರೆ ಹತ್ತಿರದಿಂದ ಚಾವಣಿಯ ಮೇಲ್ಭಾಗ ಮರೆಯಾಗುತ್ತದೆ. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಸೂರಿನ ಅಂಚು ಬಾಗಿದೆಯೋ ನೇರವಾಗಿದೆಯೋ? ಚಾವಣಿಯ ಮೇಲೆ ಬೇರೆಯಾಗಿ ಗೋಪುರ ನಿಂತಿದೆಯೋ, ಇಲ್ಲವೋ? ಅಂಚು ಬಾಗಿದ್ದು, ಮೇಲೆ ಗೋಪುರವಿಲ್ಲದೆ ಇಳಿಜಾರುಗಳೇ ನೆತ್ತಿಯವರೆಗೆ ಹೋಗಿ ಕೂಡಿದ್ದರೆ ಅದು ‘ಚಾಲಾ’ ಶೈಲಿ. ಬಾಗಿದ ಚಾವಣಿಯ ಮೇಲೆ ಒಂದೋ ಹಲವೋ ಗೋಪುರಗಳಿದ್ದರೆ ‘ರತ್ನ’ ಶೈಲಿ. ಚಾವಣಿಯೇ ಇಲ್ಲದೆ ಗೋಡೆಯೇ ಮೇಲೇರುತ್ತ ಶಿಖರವಾಗಿದ್ದರೆ ‘ದೇವುಲ್’. ಚಾವಣಿ ಸಮತಟ್ಟಾಗಿದ್ದರೆ ‘ದಾಲಾನ್’. ನಾಲ್ಕು ದಿಕ್ಕಿಗೂ ತೆರೆದ ಎತ್ತರದ ಜಗಲಿಯ ಕಟ್ಟಡವಾಗಿದ್ದರೆ ‘ಮಂಚ’. ಶೇಕಡಾ ತೊಂಬತ್ತರಷ್ಟು ಗುಡಿಗಳು ಈ ಐದರಲ್ಲಿ ಒಂದಕ್ಕೆ ಸೇರುತ್ತವೆ ಎಂದು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಉಳಿದವು ಎರಡರ ಬೆರಕೆ.

ಇಳಿಜಾರುಗಳನ್ನು ಎಣಿಸುವುದು

ಚಾಲಾ ಎಂದು ಗೊತ್ತಾದ ಮೇಲೆ ಇಳಿಜಾರುಗಳನ್ನು ಎಣಿಸಬೇಕು. ಎದುರಿಗೊಂದು ಹಿಂದಕ್ಕೊಂದು, ಹೀಗೆ ಎರಡೇ ಇಳಿಜಾರುಗಳಿದ್ದರೆ ದೋಚಾಲಾ. ಇದನ್ನೇ ಏಕಬಾಂಗ್ಲಾ ಎಂದೂ ಕರೆಯುತ್ತಾರೆ. ಮುರ್ಶಿದಾಬಾದ್ ಜಿಲ್ಲೆಯ ಬರಾನಗರದಲ್ಲಿ 18ನೇ ಶತಮಾನದಲ್ಲಿ ನಾಟೋರಿನ ರಾಣಿ ಭವಾನಿ ಕಟ್ಟಿಸಿದ ನಾಲ್ಕು ಗುಡಿಗಳು ಒಂದೇ ಅಂಗಳದ ನಾಲ್ಕು ಬದಿಗೆ ಹೀಗೆ ಕುಳಿತಿವೆ; ಅವುಗಳ ನಡುವೆ ನಿಂತರೆ ಹಳ್ಳಿಯ ತೊಟ್ಟಿಯಂಗಳದಲ್ಲಿ ನಿಂತ ಭಾವ ಬರುತ್ತದೆ. ನಾಲ್ಕು ಬದಿಗೂ ಇಳಿಜಾರು ಇದ್ದು ಅವು ನೆತ್ತಿಯಲ್ಲಿ ಕೂಡಿದರೆ ಚಾರ್‌ಚಾಲಾ. ಚಾರ್‌ಚಾಲಾದ ನೆತ್ತಿಯನ್ನು ಕತ್ತರಿಸಿ, ಗಿಡ್ಡ ಗೋಡೆ ಎಬ್ಬಿಸಿ, ಅದರ ಮೇಲೆ ಇನ್ನೊಂದು ಪುಟ್ಟ ಚಾರ್‌ಚಾಲಾವನ್ನು ಕೂರಿಸಿದರೆ ಒಟ್ಟು ಎಂಟು ಇಳಿಜಾರುಗಳಾಗಿ ಅದು ಆಟ್‌ಚಾಲಾ ಎನಿಸಿಕೊಳ್ಳುತ್ತದೆ. ಆಟ್‌ಚಾಲಾ ಎಲ್ಲೆಡೆ ಸಿಗುತ್ತದೆ, ವಿಶೇಷವಾಗಿ ಶಿವನ ಗುಡಿಗಳಲ್ಲಿ. 1809ರಲ್ಲಿ ಮುಗಿದ ಕೋಲ್ಕತ್ತದ ಕಾಳಿಘಾಟಿನ ಈಗಿನ ಗುಡಿ ಇದೇ ಬಗೆಯದು. ಅದೇ 1809ರಲ್ಲಿ ಬರ್ಧಮಾನದ ಮಹಾರಾಜ ತೇಜಚಂದ್ರ ಕಾಲ್ನಾದಲ್ಲಿ ಕಟ್ಟಿಸಿದ 108 ಶಿವಾಲಯಗಳೂ ಪುಟ್ಟ ಆಟ್‌ಚಾಲಾಗಳೇ. ಹೊರಗಿನ ವರ್ತುಲದಲ್ಲಿ 74, ಒಳಗಿನದರಲ್ಲಿ 34. ಹೊರಸುತ್ತಿನಲ್ಲಿ ಲಿಂಗಗಳು ಒಂದು ಕಪ್ಪು ಒಂದು ಬಿಳಿ ಎಂಬಂತೆ ಬರುತ್ತವೆ, ಒಳಸುತ್ತಿನಲ್ಲಿ ಎಲ್ಲವೂ ಬಿಳಿ.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಜೋಡ್‌ಬಾಂಗ್ಲಾಕ್ಕೆ. ಬಂಗಾಳ ಭಾರತದ ವಾಸ್ತುವಿಗೆ ಕೊಟ್ಟ ಸ್ವಂತ ಕಾಣಿಕೆ ಯಾವುದೆಂದು ಕೇಳಿದರೆ, ಇಪ್ಪತ್ತೈದು ಗೋಪುರಗಳ ಗುಡಿಗಳನ್ನು ಬಿಟ್ಟು ಇದನ್ನೇ ಬೆರಳು ಮಾಡಿ ತೋರಿಸಬೇಕೆಂಬುದು ನನ್ನ ಅಭಿಪ್ರಾಯ. ಎರಡು ದೋಚಾಲಾ ಗುಡಿಸಲುಗಳನ್ನು ಹಿಂದೆಮುಂದೆ ಒತ್ತಿ ನಿಲ್ಲಿಸಿ, ಮುಂದಿನದನ್ನು ಮೊಗಸಾಲೆಯಾಗಿಯೂ ಹಿಂದಿನದನ್ನು ಗರ್ಭಗುಡಿಯಾಗಿಯೂ ಮಾಡಿಕೊಳ್ಳುವುದು ಇದರ ಹೂಟ. ಬಿಷ್ಣುಪುರದಲ್ಲಿ ಮಲ್ಲ ದೊರೆ ರಘುನಾಥ ಸಿಂಹ 1655ರಲ್ಲಿ ಕಟ್ಟಿಸಿದ ಕೇಷ್ಟ ರಾಯನ ಗುಡಿ ಇದಕ್ಕೆ ಹೆಸರಾದದ್ದು. ಅದನ್ನು ಎದುರಿನಿಂದ ನೋಡಿದರೆ ಮೂರು ಕಮಾನುಗಳ ಒಂದು ಗುಡಿಸಲಷ್ಟೇ ಕಾಣುತ್ತದೆ. ಜೋಡಿ ಎಂಬುದು ಗೊತ್ತಾಗಬೇಕಾದರೆ ಪಕ್ಕಕ್ಕೆ ಬರಬೇಕು. ಪಕ್ಕದಿಂದ ಎರಡು ಚಾವಣಿಗಳ ಬೆನ್ನುಗಳೂ ಅವು ಕೂಡುವಲ್ಲಿನ ತಗ್ಗಾದ ಸಂದೂ ಎದ್ದು ಕಾಣುತ್ತವೆ. ಆ ಎರಡೂ ಬೆನ್ನುಗಳ ಮೇಲೆ ಕಾಲಿಟ್ಟಂತೆ ನಡುವೆ ಒಂದು ಪುಟ್ಟ ಚಾರ್‌ಚಾಲಾ ಗೋಪುರ ನಿಂತಿದೆ. ಗೋಪುರವಿದೆಯಲ್ಲ ಎಂದು ಇದನ್ನು ರತ್ನ ಶೈಲಿಗೆ ಸೇರಿಸಬಾರದು. ಕೆಳಗೆ ಜೋಡಿ ಚಾವಣಿ ಇರುವವರೆಗೂ ಅದು ಜೋಡ್‌ಬಾಂಗ್ಲಾವೇ.

ರತ್ನಗಳ ಲೆಕ್ಕ

ರತ್ನ ಎಂದರೆ ಚಾವಣಿಯ ಮೇಲಿನ ಗೋಪುರ. ಬಾಗಿದ ಅಂಚಿನ ಚೌಕ ಗುಡಿಯ ನಡುನೆತ್ತಿಯಲ್ಲಿ ಒಂದೇ ಗೋಪುರವಿದ್ದರೆ ಏಕರತ್ನ. ಬಿಷ್ಣುಪುರದ ಜಂಬಿಟ್ಟಿಗೆ ಕಲ್ಲಿನ ಗುಡಿಗಳಲ್ಲಿ ಹೆಚ್ಚಿನವು ಇದೇ ಬಗೆಯವು: 1656ರ ಕಾಲಾಚಾಂದ್, 1658ರ ಲಾಲ್‌ಜೀ, 1758ರ ರಾಧೇಶ್ಯಾಮ್. ಇಟ್ಟಿಗೆಯಲ್ಲಿ ಏಕರತ್ನವನ್ನು ನೋಡಬೇಕಾದರೆ ಅದೇ ಊರಿನ ಮದನಮೋಹನ ಗುಡಿಗೆ ಹೋಗಬೇಕು. ನಡುವಿನದಕ್ಕೆ ನಾಲ್ಕು ಮೂಲೆಗಳ ಗೋಪುರಗಳು ಸೇರಿದರೆ ಪಂಚರತ್ನ. 1643ರ ಶ್ಯಾಮ್ ರಾಯ್ ಗುಡಿ ಇದರ ಮೇಲ್ಪಂಕ್ತಿ. ಅದರ ನಡುಗೋಪುರ ಎಂಟು ಮೂಲೆಯದು, ಉಳಿದ ನಾಲ್ಕು ಚೌಕ. ನಾಲ್ಕು ದಿಕ್ಕಿಗೂ ಮೂರು ಮೂರು ಕಮಾನುಗಳ ಪಡಸಾಲೆ.

ಐದಕ್ಕಿಂತ ಹೆಚ್ಚು ರತ್ನಗಳಿರುವಲ್ಲಿ ಒಟ್ಟಿಗೆ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಅಂತಸ್ತುಗಳನ್ನು ಒಂದೊಂದಾಗಿ ಹಿಡಿಯಬೇಕು. ಕೆಳಗಿನ ಚಾವಣಿಯ ಮೂಲೆಗಳಲ್ಲಿ ನಾಲ್ಕು, ಮೇಲಿನ ಅಂತಸ್ತಿನ ಮೂಲೆಗಳಲ್ಲಿ ನಾಲ್ಕು, ತುದಿಯಲ್ಲಿ ಒಂದು ಎಂದರೆ ನವರತ್ನ. ರಾಮಕೃಷ್ಣ ಪರಮಹಂಸರ ಚಿತ್ರಗಳ ಜೊತೆಗೆ ನಮ್ಮ ಮನೆಗಳಲ್ಲಿಯೂ ಕಾಣಸಿಗುವ ದಕ್ಷಿಣೇಶ್ವರದ ಕಾಳಿಗುಡಿ ಇದೇ ನವರತ್ನ. ರಾಣಿ ರಾಸಮಣಿ ಕಟ್ಟಿಸಿ 1855ರಲ್ಲಿ ಪ್ರತಿಷ್ಠಾಪನೆಯಾಯಿತು. ಅದರ ಎದುರಿಗೆ ನದಿಯ ಬದಿಯಲ್ಲಿ ಸಾಲಾಗಿ ನಿಂತ ಹನ್ನೆರಡು ಶಿವಾಲಯಗಳು ಆಟ್‌ಚಾಲಾಗಳು, ಆದ್ದರಿಂದ ಒಂದೇ ಅಂಗಳದಲ್ಲಿ ಎರಡೂ ಶೈಲಿಗಳನ್ನು ಪಕ್ಕಪಕ್ಕದಲ್ಲಿ ಹೋಲಿಸಿ ನೋಡಲು ಇದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಕಾಲ್ನಾದಲ್ಲಿ ಇಪ್ಪತ್ತೈದು ರತ್ನಗಳ ಮೂರು ಗುಡಿಗಳಿವೆ. ಅವುಗಳಲ್ಲಿ 1739ರ ಲಾಲ್‌ಜೀ ಗುಡಿಯನ್ನು ಎಣಿಸುವ ಕ್ರಮ ಹೀಗೆ: ಮೊದಲ ಚಾವಣಿಯಲ್ಲಿ ಮೂಲೆಗೆ ಮೂರರಂತೆ ಹನ್ನೆರಡು, ಎರಡನೆಯದರಲ್ಲಿ ಮೂಲೆಗೆ ಎರಡರಂತೆ ಎಂಟು, ಮೂರನೆಯದರಲ್ಲಿ ನಾಲ್ಕು, ಮೇಲೆ ಒಂದು. ಲೆಕ್ಕ ಕೂಡಿಬರುವುದು ಖುಷಿಯೇ. ಆದರೆ ಗೋಪುರಗಳು ಹೆಚ್ಚಿದಂತೆ ಗುಡಿಸಲಿನ ಆ ಸರಳ ಬಾಗು ಅವುಗಳ ಕಾಲಬುಡದಲ್ಲಿ ಮುಚ್ಚಿಹೋಗುತ್ತದೆ, ಮತ್ತು ಕಟ್ಟಿಸಿದವನ ಹಿರಿಮೆಯೇ ಮುಂದೆ ಬಂದು ನಿಲ್ಲುತ್ತದೆ ಎಂಬ ಮಾತನ್ನು ಹೇಳದೆ ಇರಲಾರೆ.

ಉಳಿದ ಮೂರು ಬಗೆಗಳು

ದೇವುಲ್ ಇವೆಲ್ಲಕ್ಕಿಂತ ಹಳೆಯದು. ಒಡಿಶಾದ ಶಿಖರಗಳನ್ನು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ಬಾಂಕುರಾ ಜಿಲ್ಲೆಯ ಬಹುಲಾರಾದಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಸಿದ್ಧೇಶ್ವರ ಗುಡಿ ಚೈತನ್ಯರಿಗಿಂತ ಶತಮಾನಗಳಷ್ಟು ಹಿಂದಿನದು; ಕಾಲ್ನಾದ ಪ್ರತಾಪೇಶ್ವರ 1849ರದು. ಹೆಸರು ಒಂದೇ ಆದರೂ ಹಳೆಯದರಲ್ಲಿ ಶಿಖರ ಗಂಭೀರವಾಗಿ ಏರಿದರೆ ಹೊಸದರಲ್ಲಿ ಅದು ಗಿಡ್ಡವಾಗಿ, ಗೋಡೆಯ ತುಂಬ ಮಣ್ಣಿನ ಚಿತ್ರಗಳನ್ನು ಹೊತ್ತಿದೆ. ದಾಲಾನ್ ಶೈಲಿ ಹೆಚ್ಚಾಗಿ 18 ಮತ್ತು 19ನೇ ಶತಮಾನದ್ದು: ಸಮತಟ್ಟಾದ ಚಾವಣಿ, ಮುಂದೆ ಕಂಬ ಕಮಾನುಗಳ ಸಾಲು. ಜಮೀನ್ದಾರರ ಮನೆಗಳಲ್ಲಿ ದುರ್ಗಾಪೂಜೆಗೆಂದು ಕಟ್ಟಿಕೊಂಡ ಪಡಸಾಲೆಗಳೂ ಇದೇ ರೂಪದವು. ನಮ್ಮ ಕಡೆಯ ಹಳೆಯ ವಾಡೆಗಳನ್ನು ಬಲ್ಲವರು ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ಮಂಚದ ಮಾತು ಬೇರೆ. ಬಿಷ್ಣುಪುರದಲ್ಲಿ ಬೀರ ಹಂಬೀರ 1600ರ ಸುಮಾರಿಗೆ ಕಟ್ಟಿಸಿದ ರಾಸಮಂಚದಲ್ಲಿ ನಿತ್ಯಪೂಜೆಯ ದೇವರಿಲ್ಲ. ರಾಸೋತ್ಸವದಲ್ಲಿ ಊರಿನ ವೈಷ್ಣವ ಗುಡಿಗಳ ಮೂರ್ತಿಗಳನ್ನೆಲ್ಲ ತಂದು ಒಂದೆಡೆ ಕೂರಿಸಿ ಜನರಿಗೆ ದರ್ಶನ ಮಾಡಿಸುವುದಕ್ಕೆಂದು ಕಟ್ಟಿದ ಕಟ್ಟಡವದು. ಜಂಬಿಟ್ಟಿಗೆಯ ಎತ್ತರದ ಜಗಲಿ, ಅದರ ಮೇಲೆ ಒಂದರೊಳಗೊಂದರಂತೆ ಮೂರು ಸುತ್ತು ಕಮಾನಿನ ಪಡಸಾಲೆ, ನಡುವೆ ಮೆಟ್ಟಿಲುಮೆಟ್ಟಿಲಾಗಿ ಏರುವ ಇಟ್ಟಿಗೆಯ ಚಾವಣಿ. 1367ರ ಕಲಬುರಗಿ ಕೋಟೆಯ ಜಾಮಾ ಮಸೀದಿಯಲ್ಲಿ ಅಗಲವಾದ ತಗ್ಗು ಕಮಾನುಗಳ ನಡುವೆ ನಡೆದಾಡಿದವರು ಈ ಪಡಸಾಲೆಗಳಲ್ಲಿಯೂ ಅದೇ ರೀತಿ ಒಂದು ಕಮಾನಿನೊಳಗಿನಿಂದ ಮತ್ತೊಂದು ಕಮಾನು ಕಾಣುವುದನ್ನು ಗಮನಿಸಬಹುದು.

ಗೋಡೆಯನ್ನು ಓದುವುದು

ಚಾವಣಿ ಮುಗಿದ ಮೇಲೆ ಹತ್ತಿರ ಹೋಗಿರಿ. ಮೊಗಸಾಲೆಯ ಮೂರು ಕಮಾನುಗಳನ್ನು ಹೊತ್ತ ಗಿಡ್ಡನೆಯ ದಪ್ಪ ಕಂಬಗಳೂ ಇಟ್ಟಿಗೆಯವೇ. ಗೋಡೆಯ ಮೇಲಿನ ಚಿತ್ರಫಲಕಗಳು ಸುಟ್ಟ ಮಣ್ಣಿನವು: ನದಿಯ ನುಣ್ಣನೆಯ ಮಣ್ಣನ್ನು ಹದಮಾಡಿ, ಫಲಕವಾಗಿ ಬಡಿದು, ಅರೆ ಒಣಗಿದಾಗ ಕೆತ್ತಿ, ಆಮೇಲೆ ಸುಟ್ಟು, ಗೋಡೆಗೆ ಕೂರಿಸುತ್ತಿದ್ದರು. ಈ ಕೆಲಸದಲ್ಲಿ ಹೆಸರಾದ ಸೂತ್ರಧಾರ ಸಮುದಾಯದವರು ಮರ, ಕಲ್ಲು, ಮಣ್ಣು ಮೂರರಲ್ಲಿಯೂ ಕೈ ಪಳಗಿದವರು. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾದ ಗೋಡೆಗೆ ಹೊಳಪು ಕೊಟ್ಟ ಬಣ್ಣದ ಬಿಲ್ಲೆಗಳೂ ಮಣ್ಣಿನವೇ, ಆದರೆ ಅವು ಮಿನುಗುವುದಕ್ಕೆ ಮಾಡಿದವು. ಬಂಗಾಳದ ಫಲಕ ನೆರಳಿನಿಂದ ಕಾಣಬೇಕಾದದ್ದು. ಜಲಸಂಗ್ವಿಯ ಕಲ್ಲಿನಷ್ಟು ಆಳವಾದ ಕೆತ್ತನೆ ಇಲ್ಲಿಲ್ಲ, ಹೀಗಾಗಿ ನಡುಹಗಲಿನ ಬಿಸಿಲಿನಲ್ಲಿ ಇಡೀ ಗೋಡೆ ಕೆಂಪು ಹಾಳೆಯಂತೆ ಸಪಾಟಾಗಿಬಿಡುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಬೇಕು.

ಓದುವಾಗ ಮೂರು ಜಾಗಗಳನ್ನು ಬೇರೆಬೇರೆಯಾಗಿ ನೋಡಿರಿ. ಬುಡದ ಪಟ್ಟಿಕೆಗಳಲ್ಲಿ ಲೋಕದ ವ್ಯವಹಾರವಿರುತ್ತದೆ: ಬೇಟೆ, ಪಲ್ಲಕ್ಕಿ, ದೋಣಿ, ಹುಕ್ಕಾ ಸೇದುವ ಸಾಹುಕಾರ, ಟೋಪಿ ಹಾಕಿ ಬಂದೂಕು ಹಿಡಿದ ಫಿರಂಗಿ. ಮೊಣಕಾಲೂರಿ ನೋಡಬೇಕಾದ ಎತ್ತರದಲ್ಲಿರುವುದರಿಂದ ಬಹಳ ಮಂದಿ ಇವನ್ನು ದಾಟಿ ಹೋಗುತ್ತಾರೆ, ಆದರೆ ಗುಡಿ ಕಟ್ಟಿದ ಕಾಲದ ಊರು ಹೇಗಿತ್ತೆಂಬುದು ಇಲ್ಲಿಯೇ ಸಿಗುವುದು. ಕಮಾನುಗಳ ಮೇಲಿನ ಅಗಲವಾದ ಜಾಗದಲ್ಲಿ ಲಂಕೆಯ ಯುದ್ಧವೋ ಕೃಷ್ಣಲೀಲೆಯೋ ಇರುತ್ತದೆ. ರಾಮರಾವಣರು ಎದುರುಬದುರಾಗಿ ಬಿಲ್ಲು ಹೂಡಿ ನಿಂತಿರುವುದೂ ನಡುವೆ ಕಪಿಗಳು ಕಿಕ್ಕಿರಿದಿರುವುದೂ ಸುಲಭದ ಗುರುತು. ಶ್ಯಾಮ್ ರಾಯ್ ಗುಡಿಯಲ್ಲಿ ಗೋಪಿಯರು ಕೈಕೈ ಹಿಡಿದು ಸುತ್ತುಸುತ್ತಾಗಿ ಕುಣಿಯುವ ರಾಸಮಂಡಲದ ದುಂಡು ಫಲಕವನ್ನು ಹುಡುಕಿ ನೋಡಲೇಬೇಕು. ಇನ್ನು ಗೋಡೆಯ ಮೂಲೆಗಳಲ್ಲಿ, ಒಬ್ಬರ ಮೇಲೊಬ್ಬರಂತೆ ಯೋಧರೂ ಸಿಂಹಗಳೂ ಆನೆಗಳೂ ಎರಗುತ್ತ ಮೇಲಿನವರೆಗೆ ಏರುವ ಹೊರಚಾಚಿದ ಸಾಲೊಂದು ಕೆಲವು ಗುಡಿಗಳಲ್ಲಿ ಇರುತ್ತದೆ. ಅದನ್ನು ಮೃತ್ಯುಲತಾ ಎನ್ನುತ್ತಾರೆ.

ಕಾಲವನ್ನು ಗೊತ್ತುಮಾಡುವುದು

ಬಾಗಿಲಿನ ಅಥವಾ ನಡುಗಮಾನಿನ ಮೇಲೆ ಪ್ರತಿಷ್ಠೆಯ ಶಾಸನವಿದೆಯೇ ನೋಡಿರಿ. ನಮ್ಮ ಕಡೆಯ ಶಾಸನಗಳಲ್ಲಿ ಶಕವರ್ಷದ ಜೊತೆಗೆ ಚಾಲುಕ್ಯ ವಿಕ್ರಮ ವರ್ಷ ಬರುವುದನ್ನು ಬಲ್ಲವರಿಗೆ, ಬಿಷ್ಣುಪುರದಲ್ಲಿ ಮಲ್ಲ ದೊರೆಗಳ ಸ್ವಂತ ವರ್ಷಗಣನೆ ಸಿಕ್ಕರೆ ಅಚ್ಚರಿಯಾಗದು. ಶಕವರ್ಷಕ್ಕೆ 78, ಬಂಗಾಳಿ ಸನ್‌ಗೆ 593, ಮಲ್ಲ ವರ್ಷಕ್ಕೆ 694 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಮಲ್ಲ ವರ್ಷ 949ರ ಶ್ಯಾಮ್ ರಾಯ್ 1643ಕ್ಕೂ, 1000ದ ಮದನಮೋಹನ 1694ಕ್ಕೂ ಸರಿಹೊಂದುವುದು ಹೀಗೆ. ಅಂಕಿಗಳನ್ನು ಓದುವಾಗ ಎಚ್ಚರ ಬೇಕು: ಬಂಗಾಳಿ ಲಿಪಿಯಲ್ಲಿ ಇಂಗ್ಲಿಷಿನ 8ರಂತೆ ಕಾಣುವುದು 4, 9ರಂತೆ ಕಾಣುವುದು 7. ಕೆಲವೆಡೆ ಅಂಕಿಯ ಬದಲು ಪದಗಳೇ ಇರುತ್ತವೆ. ಚಂದ್ರ ಎಂದರೆ 1, ವೇದ ಎಂದರೆ 4, ಬಾಣ ಎಂದರೆ 5, ರಸ ಎಂದರೆ 6 ಎಂದು ಹಿಡಿದು ಬಲದಿಂದ ಎಡಕ್ಕೆ ಬರೆದುಕೊಳ್ಳಬೇಕು.

ಪ್ರಯಾಣದ ಮಾತು ಚಿಕ್ಕದು. ಕಲಬುರಗಿ, ಯಾದಗಿರಿ, ಬೀದರ್ ಯಾವ ಕಡೆಯವರಿಗಾದರೂ ಸಿಕಂದರಾಬಾದಿಗೆ ಹೋಗಿ ಅಲ್ಲಿಂದ ಹೌರಾಕ್ಕೆ ರೈಲು ಹಿಡಿಯುವುದು ಸಲೀಸು. ಮೊದಲು ದಕ್ಷಿಣೇಶ್ವರ, ಆಮೇಲೆ ಹೌರಾ–ಕಾಟವಾ ಮಾರ್ಗದ ಅಂಬಿಕಾ ಕಾಲ್ನಾ, ಕೊನೆಗೆ ಬಿಷ್ಣುಪುರ ಎಂದು ಇಟ್ಟುಕೊಂಡರೆ ಸುಲಭದಿಂದ ಕಷ್ಟಕ್ಕೆ ಹೋದಂತಾಗುತ್ತದೆ. ಚಳಿಗಾಲವೇ ಮೇಲು.

ಗೋಪುರ ಕಳೆದುಕೊಂಡ ಗುಡಿಗಳು

ಇಷ್ಟಾದರೂ ಹೊಂದಿಕೆಯಾಗದ ಗುಡಿಗಳು ಎದುರಾಗುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಶೈಲಿಯಿಂದಾಗಿಯಲ್ಲ, ಹಾನಿಯಿಂದಾಗಿ ಗೊಂದಲ ಹುಟ್ಟಿಸುವಂಥವು. ಬಾಂಗ್ಲಾದೇಶದ ದಿನಾಜಪುರದ ಕಾಂತಜೀ ಗುಡಿ 1752ರಲ್ಲಿ ಮುಗಿದಾಗ ನವರತ್ನವಾಗಿತ್ತು. 1897ರ ಭೂಕಂಪದಲ್ಲಿ ಒಂಬತ್ತು ಗೋಪುರಗಳೂ ಬಿದ್ದವು. ಇಂದು ಅದನ್ನು ನೋಡಿದವರು ಅಂತಸ್ತುಗಳುಳ್ಳ ಚಪ್ಪಟೆ ಗುಡಿಯೆಂದು ಬರೆದುಕೊಳ್ಳುವುದು ಸಹಜ. ಇಂಥಲ್ಲಿ ಚಾವಣಿಯ ಮೂಲೆಗಳನ್ನು ನೋಡಬೇಕು: ಗೋಪುರ ಬಿದ್ದರೂ ಅದರ ಬುಡದ ದಿಮ್ಮೆಯೋ, ಇಟ್ಟಿಗೆಯ ಮುರಿದ ಅಂಚೋ ಹಲವು ಸಲ ಉಳಿದಿರುತ್ತದೆ. ಅಂತಸ್ತುಗಳ ಎಣಿಕೆಯೂ ನೆರವಾಗುತ್ತದೆ, ಏಕೆಂದರೆ ಚಾಲಾ ಶೈಲಿಯಲ್ಲಿ ಮೇಲಕ್ಕೆ ಮೇಲಕ್ಕೆ ಕಿರಿದಾಗುವ ಮೂರು ಅಂತಸ್ತುಗಳು ಬರುವುದು ಬಲು ಅಪರೂಪ. ಅರಳಿಯ ಬೇರು ಸೀಳಿದ ಗೋಡೆ, ಉಪ್ಪು ಹಿಡಿದು ಉದುರುವ ಫಲಕ, ಮೇಲೆ ಬಳಿದ ಸಿಮೆಂಟು, ಅದರ ಮೇಲಿನ ಗುಲಾಬಿ ಬಣ್ಣ ಇವೆಲ್ಲವನ್ನೂ ಶೈಲಿಯ ಲಕ್ಷಣದೊಂದಿಗೆ ಬೆರೆಸದೆ, ಟಿಪ್ಪಣಿ ಪುಸ್ತಕದಲ್ಲಿ ಬೇರೆ ಸಾಲಿನಲ್ಲಿ ಬರೆದಿಡಿರಿ. ಹೊಸದಾಗಿ ಕಟ್ಟಿದ ಗೋಪುರವೆಂದು ಅನುಮಾನ ಬಂದರೆ ಅದರ ಇಟ್ಟಿಗೆಯನ್ನು ಕೆಳಗೋಡೆಯ ತೆಳ್ಳನೆಯ ಹಳೆಯ ಇಟ್ಟಿಗೆಯೊಂದಿಗೆ ಹೋಲಿಸಿ ನೋಡಿ, ಆಮೇಲೆ ರತ್ನಗಳ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.